ರೇಸಿನ ಬೈಸಿಕಲ್ಲು: ಅಂದು ಹೇಗಿತ್ತು, ಇಂದು ಹೇಗಿದೆ?



ಈ ಪತ್ರಿಕೆಯಲ್ಲಿ ನಾನು ಬೀಜ, ಗೊಬ್ಬರ, ಒಡ್ಡು, ಕಾಂಪೋಸ್ಟ್ ಗುಂಡಿಗಳ ವಿಷಯ ಬರೆಯುವವನು. ಈ ಸಲ ಬೈಸಿಕಲ್ಲಿನ ವಿಷಯ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವುಂಟು.

ಹೋದ ವರ್ಷ ಕಡಲೆ ಮಾರಿದ ಮೇಲೆ ನಮ್ಮ ಸುತ್ತಿನ ಹಳ್ಳಿಯ ರೈತರೊಬ್ಬರು ನನ್ನನ್ನು ಪಟ್ಟಣಕ್ಕೆ ಕರೆದುಕೊಂಡು ಹೋದರು. ಅವರ ಮಗಳು ಪ್ರೌಢಶಾಲೆಯಲ್ಲಿ ಓದುವವಳು. ಎರವಲು ಸೈಕಲ್ಲಿನಲ್ಲೇ ಓಡಿ ಒಂದು ಪಂದ್ಯದಲ್ಲಿ ಎರಡನೆಯವಳಾಗಿ ಬಂದಿದ್ದಳು. ಅವಳಿಗೆ ಯಾರೋ ಬಳಸಿದ್ದ ರೇಸಿನ ಸೈಕಲ್ಲೊಂದನ್ನು ಕೊಡಿಸಬೇಕೆಂದು ತಂದೆಯ ಮನಸ್ಸು. "ಸರ, ನೀವು ಓದಿದವರು. ದಿನಾ ಸೈಕಲ್ ತುಳಿಯವರು. ಚಲೋ ಐತೋ ಇಲ್ಲೋ ನೋಡಿ ಹೇಳ್ರಿ" ಎಂದರು. ನಾನು ನೋಡಿದೆ. ಹುಡುಗಿ ಸೈಕಲ್ಲಿನ ಮೇಲೆ ಕಾಲು ಹಾಕಿ ನಿಂತಾಗ ಎರಡು ಕಾಲೂ ನೆಲಕ್ಕೆ ಮುಟ್ಟಿದವು. "ಅಳತೆ ಸರಿಯಾಗಿದೆ, ಕೊಳ್ಳಿರಿ" ಎಂದೆ. ಒಂದು ತಿಂಗಳೊಳಗೆ ಹುಡುಗಿಗೆ ಮೊಣಕಾಲು ನೋವು, ಹೆಗಲು ನೋವು. ಸೈಕಲ್ಲು ಗೋಡೆಗೆ ಒರಗಿತು.

ತಪ್ಪು ಸೈಕಲ್ಲಿನದಲ್ಲ, ಹುಡುಗಿಯದೂ ಅಲ್ಲ. ಹೊಸ ಯಂತ್ರವನ್ನು ಹಳೆಯ ಅಳತೆಯಿಂದ ಅಳೆದ ನನ್ನದು. ಆಮೇಲೆ ತಿಳಿದವರನ್ನು ಕೇಳಿ, ಓದಿ, ಕಲಿತುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳ ಹುಡುಗ ಹುಡುಗಿಯರು ರಾಷ್ಟ್ರ ಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕ ಗೆದ್ದು ಬಂದಿದ್ದಾರೆ. ನಾಳೆ ನಿಮ್ಮ ಮನೆಯ ಮಗುವೂ ಅಂಥ ಸೈಕಲ್ಲು ಕೇಳಬಹುದು. ಆಗ ನೀವು ಮೋಸ ಹೋಗಬಾರದು.

ವೇಗ ಹೆಚ್ಚಿದ್ದು ಎಷ್ಟು?

ಇಂದಿನ ಬೈಸಿಕಲ್ಲಿನ ಮೂಲ ರೂಪ ೧೮೮೫ರದು. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಎರಡೂ ಗಾಲಿ ಹೆಚ್ಚುಕಡಮೆ ಒಂದೇ ಅಳತೆಯದಾಗಿ, ಹಿಂದಿನ ಗಾಲಿಯನ್ನು ಚೈನು ತಿರುಗಿಸುವಂತೆ ‘ರೋವರ್’ ಎಂಬ ಸೈಕಲ್ಲು ಮಾಡಿದನು. ಮೂರು ವರ್ಷದ ಮೇಲೆ, ೧೮೮೮ರಲ್ಲಿ, ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟಯರು ತಂದನು. ನಮ್ಮಲ್ಲಿ ಹಾಲು, ಹುಲ್ಲು, ಹಿಟ್ಟಿನ ಚೀಲ ಹೊರುವ ಕರಿಯ ಸೈಕಲ್ಲೂ ರೇಸಿನ ಸೈಕಲ್ಲೂ ಈ ಒಂದೇ ತಾಯಿಯ ಮಕ್ಕಳು. ಒಂದು ಹೊರೆ ಹೊರಲು ನಿಂತಿತು, ಇನ್ನೊಂದು ಓಡಲು ಹೋಯಿತು.

ಓಡಲು ಹೋದದ್ದರ ಕಥೆ ಬಹುಮಟ್ಟಿಗೆ ಫ್ರಾನ್ಸ್, ಇಟಲಿ ದೇಶಗಳಲ್ಲಿ ನಡೆಯಿತು. ೧೯೦೩ರಲ್ಲಿ ಫ್ರಾನ್ಸಿನಲ್ಲಿ ‘ತೂರ್ ದ ಫ್ರಾನ್ಸ್’ ಎಂಬ ದೇಶ ಸುತ್ತುವ ಪಂದ್ಯ ಆರಂಭವಾಯಿತು. ಆ ವರ್ಷ ೬೦ ಜನ ಹೊರಟರು. ೨೧ ಜನ ಮಾತ್ರ ಮುಟ್ಟಿದರು. ಗೆದ್ದ ಮೋರಿಸ್ ಗಾರಾನನ ಸರಾಸರಿ ವೇಗ ಗಂಟೆಗೆ ಸುಮಾರು ೨೫ ಕಿಲೋಮೀಟರು. ೨೦೨೨ರಲ್ಲಿ ಅದೇ ಪಂದ್ಯದ ಸರಾಸರಿ ೪೨ ಕಿಲೋಮೀಟರು ದಾಟಿತು.

ಇದೆಲ್ಲ ಸೈಕಲ್ಲಿನ ಮಹಿಮೆ ಎಂದು ತಿಳಿಯಬೇಡಿರಿ. ೧೯೦೩ರಲ್ಲಿ ೨,೪೨೮ ಕಿಲೋಮೀಟರನ್ನು ಆರೇ ಹಂತಗಳಲ್ಲಿ ಓಡಿದರು. ಎಂದರೆ ಒಂದೊಂದು ಹಂತ ಸರಾಸರಿ ನಾಲ್ಕುನೂರು ಕಿಲೋಮೀಟರು, ರಾತ್ರಿಯೆಲ್ಲ ತುಳಿಯಬೇಕು. ರಸ್ತೆ ಮಣ್ಣು, ಕಲ್ಲು. ಇಂದು ಸುಮಾರು ೩,೪೦೦ ಕಿಲೋಮೀಟರನ್ನು ೨೧ ದಿನಗಳಿಗೆ ಹಂಚಿದ್ದಾರೆ. ಡಾಂಬರು ರಸ್ತೆಯುಂಟು, ಒಳ್ಳೆಯ ಆಹಾರವುಂಟು, ವರ್ಷವಿಡೀ ತಾಲೀಮು ಉಂಟು. ಬೀಜವೊಂದರಿಂದಲೇ ಇಳುವರಿ ಬರುವುದಿಲ್ಲ. ನೆಲ, ನೀರು, ದುಡಿಮೆ ಸೇರಬೇಕು. ಅಂಗಡಿಯವನು "ಈ ಸೈಕಲ್ಲು ಕೊಂಡರೆ ಗೆದ್ದ ಹಾಗೆಯೇ" ಎಂದರೆ ಈ ಮಾತು ನೆನೆಯಿರಿ.

ಕುಲುಮೆಯಲ್ಲಿ ಬೆಸೆದ ಸೈಕಲ್ಲು

ಮೊದಲ ಕಾಲದ ರೇಸಿನ ಸೈಕಲ್ಲು ಉಕ್ಕಿನ ಕೊಳವೆಗಳದು. ಓಡಿಸುವವನೇ ರಿಪೇರಿ ಮಾಡಿಕೊಳ್ಳಬೇಕು, ಬೇರೆಯವರು ಕೈ ಹಚ್ಚಕೂಡದು ಎಂಬ ಕಟ್ಟುನಿಟ್ಟು ನಿಯಮವಿತ್ತು. ೧೯೧೩ರಲ್ಲಿ ಯೂಜೆನ್ ಕ್ರಿಸ್ತೋಫ್ ಎಂಬ ಸವಾರನು ತೂರ್ಮಲೆ ಎಂಬ ಪರ್ವತದ ದಾರಿ ಇಳಿಯುತ್ತಿದ್ದಾಗ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಗೆಲ್ಲುವ ಆಸೆಯಿದ್ದ ಮನುಷ್ಯ. ಸೈಕಲ್ಲು ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಕೆಳಗಿನ ಹಳ್ಳಿಯ ಕಮ್ಮಾರಸಾಲೆಗೆ ಬಂದನು. ಪಂದ್ಯದ ಅಧಿಕಾರಿಗಳು ನೋಡುತ್ತ ನಿಂತಿರಲು, ತಾನೇ ಕಬ್ಬಿಣ ಕಾಸಿ, ಬಡಿದು, ಫೋರ್ಕು ಬೆಸೆದುಕೊಂಡನು. ಗಂಟೆಗಟ್ಟಲೆ ಕಾಲ ಹೋಯಿತು. ಇಷ್ಟಾದ ಮೇಲೂ, ಒಬ್ಬ ಹುಡುಗ ತಿದಿ ಒತ್ತಿದನೆಂದು ಅವನಿಗೆ ದಂಡದ ನಿಮಿಷಗಳನ್ನು ಹಾಕಿದರು!

ಈ ಕಥೆಯಲ್ಲಿ ಎರಡು ಸಂಗತಿಗಳಿವೆ. ಅಂದಿನ ಸೈಕಲ್ಲು ಮುರಿಯುತ್ತಿತ್ತು. ಆದರೆ ಹಳ್ಳಿಯ ಕುಲುಮೆಯಲ್ಲಿ ಕೂಡುತ್ತಲೂ ಇತ್ತು.

೧೯೩೫ರಲ್ಲಿ ಇಂಗ್ಲೆಂಡಿನ ರೆನಾಲ್ಡ್ಸ್ ಕಂಪೆನಿ ‘೫೩೧’ ಎಂಬ ಗಟ್ಟಿ ಉಕ್ಕಿನ ಕೊಳವೆಯನ್ನು ತಂದಿತು. ರೇಸಿನ ಫ್ರೇಮಿಗೆ ಬಳಸುವ ಇಂಥ ಕೊಳವೆ ನಡುವೆ ತೆಳ್ಳಗೆ, ತುದಿಗಳಲ್ಲಿ ದಪ್ಪ. ಬಿದಿರು ಗೆಣ್ಣಿನಲ್ಲಿ ದಪ್ಪವಿರುವುದನ್ನು ನೀವು ನೋಡಿಲ್ಲವೆ? ಬಲ ಬೇಕಾದಲ್ಲಿ ಮಾತ್ರ ಲೋಹ ಇಟ್ಟರು. ಹೀಗೆ ೧೯೬೦ರ ಹೊತ್ತಿಗೆ ಒಳ್ಳೆಯ ರೇಸಿನ ಸೈಕಲ್ಲಿನ ತೂಕ ೧೦ ಕಿಲೋ ಆಸುಪಾಸಿಗೆ ಇಳಿದಿತ್ತು. ಕ್ಯಾರಿಯರು, ಸ್ಟ್ಯಾಂಡು ಸಹಿತ ನಮ್ಮ ಕರಿಯ ಸೈಕಲ್ಲು ೨೦ ಕಿಲೋ ತೂಗುವುದನ್ನು ನೆನೆದರೆ ಇದು ಅರ್ಧ.

ಮುಂದೆ ಅಲ್ಯೂಮಿನಿಯಂ ಬಂತು. ೧೯೯೦ರ ದಶಕದಿಂದೀಚೆಗೆ ಕಾರ್ಬನ್ ಫೈಬರ್ ಹರಡಿತು. ಕಾರ್ಬನ್ ಎಂದರೆ ಇಂಗಾಲದ ಬಲು ಸಣ್ಣ ಎಳೆಗಳನ್ನು ಅಂಟಿನಲ್ಲಿ ತೊಯ್ಸಿ, ಪದರ ಪದರವಾಗಿ ಅಚ್ಚಿನಲ್ಲಿ ಕೂಡಿಸಿ, ಕಾಸಿ ಗಟ್ಟಿ ಮಾಡಿದ ವಸ್ತು. ಎಳೆ ಯಾವ ಕಡೆಗೆ ಹೋಗಿದೆಯೋ ಆ ಕಡೆಗೆ ಬಲ ಹೆಚ್ಚು. ಇದರಿಂದ ಸೈಕಲ್ಲು ಎಷ್ಟು ಹಗುರವಾಯಿತೆಂದರೆ, ೨೦೦೦ದಿಂದ ಪಂದ್ಯದ ಸೈಕಲ್ಲು ೬.೮ ಕಿಲೋಗಿಂತ ಕಡಮೆ ತೂಗಕೂಡದು ಎಂದು ಅಂತಾರಾಷ್ಟ್ರೀಯ ಸೈಕಲ್ ಸಂಘವೇ ಕಟ್ಟು ಮಾಡಬೇಕಾಯಿತು.

ಈಗ ನಷ್ಟದ ಮಾತು. ಉಕ್ಕಿಗೆ ಪೆಟ್ಟು ಬಿದ್ದರೆ ತಗ್ಗು ಕಾಣುತ್ತದೆ. ಬಾಗಿದರೆ ನೆಟ್ಟಗೆ ಮಾಡಬಹುದು. ಕಾರ್ಬನ್ನಿಗೆ ಪೆಟ್ಟು ಬಿದ್ದರೆ ಮೇಲೆ ಬಣ್ಣ ಹಾಗೆಯೇ ಇದ್ದು ಒಳಗೆ ಪದರ ಬಿಟ್ಟಿರಬಹುದು. ಅದನ್ನು ರಿಪೇರಿ ಮಾಡುವ ಕುಶಲರು ದೊಡ್ಡ ಊರುಗಳಲ್ಲಿದ್ದಾರೆ. ನಮ್ಮ ಸಂತೆಯ ಊರಿನಲ್ಲಿಲ್ಲ. ಕ್ರಿಸ್ತೋಫನ ಕುಲುಮೆ ಇಲ್ಲಿ ಕೆಲಸಕ್ಕೆ ಬಾರದು.

ತೂಕದ ಲೆಕ್ಕವನ್ನೂ ಮಾಡಿ ನೋಡಿರಿ. ಸವಾರನ ತೂಕ ೬೦ ಕಿಲೋ, ಸೈಕಲ್ಲು ೧೦ ಕಿಲೋ. ಒಟ್ಟು ೭೦. ಎರಡು ಕಿಲೋ ಕಡಮೆಯ ಸೈಕಲ್ಲು ಕೊಂಡರೆ ಉಳಿಯುವುದು ನೂರಕ್ಕೆ ಮೂರು ಪಾಲಿಗೂ ಕಡಮೆ. ಅದರ ಲಾಭವೂ ಮುಖ್ಯವಾಗಿ ಏರಿನಲ್ಲಿ ಮಾತ್ರ. ಮೇಲ್ತರದ ಸೈಕಲ್ಲುಗಳ ಬೆಲೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಕಲಿಯುವ ಮಗುವಿಗೆ ಅಲ್ಯೂಮಿನಿಯಂ ಸೈಕಲ್ಲು ಧಾರಾಳವಾಗಿ ಸಾಕು.

ಗೇರು: ಏರಿನಲ್ಲಿ ಎತ್ತಿನ ಹೆಜ್ಜೆ

ಹೊರೆಗಾಡಿ ಏರು ಹತ್ತುವಾಗ ಎತ್ತುಗಳನ್ನು ನೋಡಿರಿ. ಹೆಜ್ಜೆಯನ್ನು ಚಿಕ್ಕದು ಮಾಡುತ್ತವೆ. ಗೇರಿನ ಕೆಲಸ ಇಷ್ಟೇ. ಅದು ಹೊಸ ಶಕ್ತಿ ಕೊಡುವುದಿಲ್ಲ. ಮೂಟೆಯನ್ನು ಒಂದೇ ಸಲ ಹೊರುವ ಬದಲು ಬುಟ್ಟಿ ಬುಟ್ಟಿಯಾಗಿ ಹೊತ್ತ ಹಾಗೆ, ಇರುವ ಶಕ್ತಿಯನ್ನೇ ಹಂಚಿ ಕೊಡುತ್ತದೆ.

ನಿಮ್ಮ ಸೈಕಲ್ಲಿನ ಹಲ್ಲುಗಳನ್ನು ನೀವೇ ಎಣಿಸಿರಿ. ಪೆಡಲಿನ ಬಳಿಯ ದೊಡ್ಡ ಹಲ್ಲುಗಾಲಿಯಲ್ಲಿ ೪೪, ಹಿಂದಿನ ಫ್ರೀವೀಲಿನಲ್ಲಿ ೧೮ ಹಲ್ಲು ಇವೆಯೆನ್ನೋಣ. ೪೪ನ್ನು ೧೮ರಿಂದ ಭಾಗಿಸಿದರೆ ಸುಮಾರು ಎರಡೂವರೆ. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಎರಡೂವರೆ ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ ೨.೨ ಮೀಟರು. ಆದ್ದರಿಂದ ಒಂದು ತುಳಿತಕ್ಕೆ ಸೈಕಲ್ಲು ಐದು ಮೀಟರಿಗೂ ಹೆಚ್ಚು ಮುಂದೆ ಹೋಗಬೇಕು. ಬಯಲಿನಲ್ಲಿ ಸರಿ. ಏರಿನಲ್ಲಿ? ನೀವು ಇಳಿದು ನೂಕುತ್ತೀರಿ.

ಮೊದಲ ಕಾಲದ ರೇಸಿನವರ ಪಾಡೂ ಇದೇ. ಹಿಂದಿನ ಗಾಲಿಯ ಎರಡು ಮಗ್ಗುಲಿಗೂ ಬೇರೆ ಬೇರೆ ಅಳತೆಯ ಹಲ್ಲುಗಾಲಿ ಇರುತ್ತಿತ್ತು. ಏರು ಬಂದಾಗ ಇಳಿದು, ನಟ್ಟು ಸಡಿಲಿಸಿ, ಗಾಲಿ ತಿರುವಿ ಹಾಕಿ, ಮತ್ತೆ ಬಿಗಿದು ಹತ್ತಬೇಕು. ಇಟಲಿಯ ತುಲ್ಲಿಯೋ ಕಂಪನ್ಯೋಲೋ ಎಂಬಾತನ ಕೈ ಪರ್ವತದ ಚಳಿಯಲ್ಲಿ ಮರಗಟ್ಟಿ ನಟ್ಟು ಬಿಚ್ಚಲಾಗದೆ ಹೋಯಿತೆಂದೂ, ಅದೇ ಸಿಟ್ಟಿನಲ್ಲಿ ಒಂದೇ ಹಿಡಿಕೆ ತಿರುವಿ ಗಾಲಿ ಬಿಚ್ಚುವ ಉಪಾಯ ಕಂಡುಹಿಡಿದನೆಂದೂ ಒಂದು ಕಥೆಯಿದೆ. ಕಥೆ ಹೇಗೇ ಇರಲಿ, ೧೯೩೦ರಿಂದ ಬಳಕೆಗೆ ಬಂದ ಆ ಹಿಡಿಕೆಯನ್ನು ಇಂದೂ ಎಷ್ಟೋ ಸೈಕಲ್ಲುಗಳಲ್ಲಿ ಕಾಣುತ್ತೀರಿ.

ಓಡುತ್ತಿರುವಾಗಲೇ ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಉಪಕರಣಕ್ಕೆ ಡಿರೇಲರ್ ಎಂದು ಹೆಸರು. ಅದು ಬಂದಿದ್ದರೂ ಫ್ರಾನ್ಸಿನ ಪಂದ್ಯದಲ್ಲಿ ಬಹುಕಾಲ ನಿಷೇಧವಿತ್ತು. ೧೯೩೭ರಲ್ಲಿ ಮಾತ್ರ ಎಲ್ಲರಿಗೂ ಅನುಮತಿ ದೊರೆಯಿತು. ೧೯೬೦ರ ಸುಮಾರಿಗೆ ಮುಂದೆ ಎರಡು, ಹಿಂದೆ ಐದು ಹಲ್ಲುಗಾಲಿಗಳು ಸಾಮಾನ್ಯವಾದವು. ಒಟ್ಟು ಹತ್ತು ಗೇರು. ಬದಲಾಯಿಸುವ ಸನ್ನೆ ಫ್ರೇಮಿನ ಕೆಳಗಿನ ಕೊಳವೆಯ ಮೇಲಿತ್ತು. ಒಂದು ಕೈ ಬಿಟ್ಟು, ಬಗ್ಗಿ, ಅಂದಾಜಿನ ಮೇಲೆ ಸರಿಸಬೇಕು.

೧೯೮೪ರಲ್ಲಿ ಜಪಾನಿನ ಶಿಮಾನೊ ಕಂಪೆನಿ ‘ಟಕ್’ ಎಂದು ಒಂದೊಂದೇ ಮೆಟ್ಟಿಲಿಗೆ ನಿಲ್ಲುವ ಸನ್ನೆ ತಂದಿತು, ಅಂದಾಜು ತಪ್ಪಿತು. ೧೯೯೦ರಲ್ಲಿ ಅದೇ ಸನ್ನೆಯನ್ನು ಬ್ರೇಕಿನ ಹಿಡಿಯೊಳಗೆ ಸೇರಿಸಿತು. ಹ್ಯಾಂಡಲಿನಿಂದ ಕೈ ತೆಗೆಯುವ ಗೋಜೂ ತಪ್ಪಿತು. ೨೦೦೯ರಲ್ಲಿ ಅದೇ ಕಂಪೆನಿಯ ಬ್ಯಾಟರಿಯ ಗೇರು ಅಂಗಡಿಗೆ ಬಂತು. ಇಂದು ಮುಂದೆ ಎರಡು, ಹಿಂದೆ ಹನ್ನೆರಡು ಹಲ್ಲುಗಾಲಿಗಳ ಸೈಕಲ್ಲುಗಳಿವೆ.

ಎಣಿಕೆಗಿಂತ ಮುಖ್ಯವಾದದ್ದು ಹಗುರ ಗೇರು. ಹಳೆಯದರಲ್ಲಿ ಮುಂದೆ ೪೨, ಹಿಂದೆ ೨೪ ಹಲ್ಲು ಎಂದರೆ ಒಂದು ತುಳಿತಕ್ಕೆ ಮೂರೂವರೆ ಮೀಟರಿಗಿಂತ ಹೆಚ್ಚು. ಇಂದಿನ ಅನೇಕ ಸೈಕಲ್ಲುಗಳಲ್ಲಿ ಮುಂದೆ ೩೪, ಹಿಂದೆಯೂ ೩೪. ಒಂದು ತುಳಿತಕ್ಕೆ ಎರಡು ಮೀಟರಿಗಿಂತ ತುಸು ಹೆಚ್ಚು. ಭಾರ ಗೇರು ತುಳಿಯುವುದೇ ಗಂಡಸುತನ ಎಂಬ ಹಳೆಯ ಹೆಮ್ಮೆ ಇಂದಿನ ಪಂದ್ಯಗಾರರಲ್ಲಿ ಉಳಿದಿಲ್ಲ. ಅವರು ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತು ತೊಂಬತ್ತು ಸುತ್ತು ತಿರುವುತ್ತಾರೆ. ಮೊಣಕಾಲು ಉಳಿಯುವುದು ಹೀಗೆ.

ಒಂದು ಎಚ್ಚರಿಕೆ. ಹಲ್ಲುಗಾಲಿಗಳು ಹೆಚ್ಚಿದಂತೆ ಚೈನು ತೆಳ್ಳಗಾಗಿದೆ. ಎಂಟರದಕ್ಕೆ ಎಂಟರ ಚೈನು, ಹನ್ನೊಂದರದಕ್ಕೆ ಹನ್ನೊಂದರ ಚೈನು. ನಮ್ಮ ಕರಿಯ ಸೈಕಲ್ಲಿನಂತೆ ಯಾವ ಅಂಗಡಿಯ ಚೈನಾದರೂ ಆದೀತು ಎನ್ನುವಂತಿಲ್ಲ.

ಬ್ರೇಕು: ನಿಲ್ಲುವುದೂ ಒಂದು ವಿದ್ಯೆ

ಎರಡು ವರ್ಷದ ಹಿಂದೆ ಮೃಗಶಿರ ಮಳೆಯ ಮೊದಲ ದಿನ ನಾನು ತಂದೆಯವರ ಹಳೆಯ ಸೈಕಲ್ಲಿನಲ್ಲಿ ದಿಬ್ಬವೊಂದನ್ನು ಇಳಿಯುತ್ತಿದ್ದೆ. ಕ್ಯಾರಿಯರಿನಲ್ಲಿ ಬೀಜೋಪಚಾರದ ಪೊಟ್ಟಣಗಳು. ಕೆಳಗೆ ಕುರಿಹಿಂಡು ಅಡ್ಡ ಬಂತು. ಎರಡೂ ಬ್ರೇಕು ಹಿಡಿದೆ. ಸೈಕಲ್ಲು ನಿಲ್ಲಲೇ ಇಲ್ಲ. ಕುರಿಗಳನ್ನು ತಪ್ಪಿಸಲು ಹೋಗಿ ಜಾಲಿಯ ಬೇಲಿಗೆ ಬಿದ್ದೆ. ಮುಳ್ಳಿನ ಗುರುತು ಇನ್ನೂ ಮೊಣಕೈ ಮೇಲಿದೆ. ಕುರಿ ಕಾಯುವ ಹುಡುಗ ಪೊಟ್ಟಣಗಳನ್ನು ಆರಿಸಿಕೊಟ್ಟನು.

ಕಾರಣವೇನು? ಹಳೆಯ ಸೈಕಲ್ಲಿನಲ್ಲಿ ಕಡ್ಡಿಯ ಬ್ರೇಕು ರಬ್ಬರನ್ನು ಉಕ್ಕಿನ ರಿಮ್ಮಿಗೆ ಒತ್ತುತ್ತದೆ. ನಿಕಲ್ಲಿನಂತೆ ಹೊಳೆಯುವ ಆ ನುಣುಪು ರಿಮ್ಮು ನೀರು ಬಿದ್ದರೆ ಜಾರುತ್ತದೆ. ರೇಸಿನ ಸೈಕಲ್ಲಿನಲ್ಲಿ ಮೊದಲಿಗೆ ಕಟ್ಟಿಗೆಯ ರಿಮ್ಮೂ ಇತ್ತು! ಆಮೇಲೆ ಅಲ್ಯೂಮಿನಿಯಂ ರಿಮ್ಮು ಬಂತು. ಉಕ್ಕಿಗಿಂತ ಅದರ ಮೇಲೆ ಹಿಡಿತ ಎಷ್ಟೋ ಮೇಲು. ಈಗ ಹೊಸ ಸೈಕಲ್ಲುಗಳಲ್ಲಿ ಡಿಸ್ಕ್ ಬ್ರೇಕು ಬಂದಿದೆ. ಗಾಲಿಯ ನಡುವೆ ಒಂದು ಉಕ್ಕಿನ ಬಿಲ್ಲೆ ಇದ್ದು, ಅದನ್ನು ಎರಡು ಕಡೆಯಿಂದ ಬ್ರೇಕು ಹಿಡಿಯುತ್ತದೆ. ಬಿಲ್ಲೆ ಕೆಸರಿನಿಂದ ದೂರವಿರುವುದರಿಂದ ಮಳೆಯಲ್ಲೂ ನಂಬಬಹುದು. ರಸ್ತೆ ಪಂದ್ಯಗಳಲ್ಲಿ ಕೆಲವು ವರ್ಷ ಪರೀಕ್ಷೆ ನಡೆಸಿ, ೨೦೧೮ರಲ್ಲಿ ಇದಕ್ಕೆ ಪೂರ್ಣ ಅನುಮತಿ ಕೊಟ್ಟರು.

ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಿಕೊಡಿರಿ. ಗಂಟೆಗೆ ೨೦ ಕಿಲೋಮೀಟರಿನಲ್ಲಿ ನಿಲ್ಲುವವನು ೪೦ರಲ್ಲಿ ಅದೇ ಜಾಗದಲ್ಲಿ ನಿಲ್ಲಲಾರ. ತಲೆಗೆ ಹೆಲ್ಮೆಟ್ಟು ಇಲ್ಲದೆ ರಸ್ತೆಗೆ ಬಿಡಬೇಡಿರಿ. ೨೦೦೩ರಲ್ಲಿ ಕಿವಿಲೇವ್ ಎಂಬ ಪಂದ್ಯಗಾರನು ಬಿದ್ದು ತಲೆಗೆ ಪೆಟ್ಟಾಗಿ ಸತ್ತ ಮೇಲೆ ದೊಡ್ಡ ಪಂದ್ಯಗಳಲ್ಲಿ ಹೆಲ್ಮೆಟ್ಟು ಕಡ್ಡಾಯವಾಯಿತು. ಒಂದು ಪ್ರಾಣ ಹೋದ ಮೇಲೆ ಬಂದ ಬುದ್ಧಿ ನಮಗೆ ಮೊದಲೇ ಬರಲಿ.

ಟಯರು: ಗಾಡಿಯ ಪಾಠ

ಕಬ್ಬಿಣದ ಪಟ್ಟಿಯ ಗಾಡಿಗಿಂತ ಟಯರು ಗಾಡಿಯನ್ನು ಎತ್ತುಗಳು ಹಗುರಾಗಿ ಎಳೆಯುತ್ತವೆ. ಕಬ್ಬಿಣದ ಗಾಲಿ ಪ್ರತಿ ಕಲ್ಲಿಗೂ ಎಗರಿ ಬೀಳುತ್ತದೆ. ಗಾಳಿಯ ಟಯರು ಕಲ್ಲನ್ನು ನುಂಗಿ ದಾಟುತ್ತದೆ. ಇದು ನಮಗೆಲ್ಲ ಗೊತ್ತು.

ಆದರೂ ರೇಸಿನವರು ಬಹುಕಾಲ ಇದರ ವಿರುದ್ಧವಾಗಿ ನಡೆದರು. ಟಯರು ಎಷ್ಟು ಸಣ್ಣದೋ, ಗಾಳಿ ಎಷ್ಟು ಬಿಗಿಯೋ ಅಷ್ಟು ವೇಗ ಎಂದು ನಂಬಿದ್ದರು. ೨೩ ಮಿಲಿಮೀಟರು ಅಗಲದ ಟಯರಿಗೆ ನೂರು ನೂರಿಪ್ಪತ್ತು ಪೌಂಡು ಗಾಳಿ ಹಾಕುತ್ತಿದ್ದರು. ಪರೀಕ್ಷಿಸಿ ನೋಡಿದಾಗ, ನಿಜವಾದ ರಸ್ತೆಯ ಮೇಲೆ ಬಿಗಿ ಟಯರು ಎಗರಿ, ಸವಾರನ ಮೈ ನಡುಗಿಸಿ, ಶಕ್ತಿ ತಿನ್ನುತ್ತದೆಂದು ತಿಳಿಯಿತು. ಈಗ ೨೮ ಮಿಲಿಮೀಟರು, ಅದಕ್ಕೂ ಅಗಲದ ಟಯರುಗಳೇ ದೊಡ್ಡ ಪಂದ್ಯಗಳಲ್ಲಿ ಓಡುತ್ತವೆ. ಗಾಳಿಯೂ ಕಡಮೆ, ಎಪ್ಪತ್ತು ಎಂಬತ್ತು ಪೌಂಡು, ಸವಾರ ಹಗುರವಿದ್ದರೆ ಇನ್ನೂ ಕಡಮೆ. ನಮ್ಮ ರಸ್ತೆಗಳಿಗೆ ಇದು ಹೇಳಿ ಮಾಡಿಸಿದ ಬದಲಾವಣೆ. ಹಳೆಯ ರೇಸಿನ ಸೈಕಲ್ಲು ಕೊಂಡರೆ, ಫ್ರೇಮಿನಲ್ಲೂ ಬ್ರೇಕಿನಲ್ಲೂ ಎಡೆಯಿದ್ದಷ್ಟು ಅಗಲದ ಟಯರು ಹಾಕಿಸಿರಿ.

ಮೊರ ಹಿಡಿಯುವ ರೀತಿ

ರಾಶಿ ತೂರುವಾಗ ಮೊರವನ್ನು ಗಾಳಿಗೆ ಎದುರಾಗಿ ಹಿಡಿದರೆ ಕೈ ತಳ್ಳುತ್ತದೆ. ಅಂಚನ್ನು ಎದುರಿಗೆ ತಿರುಗಿಸಿದರೆ ಗಾಳಿ ಸೀಳಿ ಹೋಗುತ್ತದೆ. ಸೈಕಲ್ಲಿನ ಮೇಲೆ ನೆಟ್ಟಗೆ ಕುಳಿತ ಮನುಷ್ಯ ಎದುರು ಹಿಡಿದ ಮೊರ. ಬಾಗಿದ ಮನುಷ್ಯ ಅಂಚು ತಿರುಗಿಸಿದ ಮೊರ. ಗಂಟೆಗೆ ಮೂವತ್ತು ಕಿಲೋಮೀಟರು ದಾಟಿದ ಮೇಲೆ ಬಯಲಿನಲ್ಲಿ ಸವಾರನ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ನೂಕುವುದಕ್ಕೇ ಹೋಗುತ್ತದೆ. ಅದರಲ್ಲೂ ಸೈಕಲ್ಲಿಗಿಂತ ಸವಾರನ ಮೈಯೇ ಹೆಚ್ಚು ಗಾಳಿ ತಡೆಯುತ್ತದೆ. ರೇಸಿನ ಹ್ಯಾಂಡಲು ಟಗರಿನ ಕೊಂಬಿನಂತೆ ಕೆಳಗೆ ಬಾಗಿರುವುದು ಇದಕ್ಕಾಗಿ.

೧೯೮೯ರ ಫ್ರಾನ್ಸ್ ಪಂದ್ಯದ ಕೊನೆಯ ದಿನ ಅಮೆರಿಕದ ಗ್ರೆಗ್ ಲೆಮಾಂಡನು ೫೦ ಸೆಕೆಂಡು ಹಿಂದಿದ್ದನು. ಆ ದಿನ ಅವನು ಮೊಣಕೈಗಳನ್ನು ಒತ್ತಟ್ಟಿಗೆ ಊರಿ ಬಾಗುವಂಥ ಹೊಸ ಹ್ಯಾಂಡಲು ಹಾಕಿಕೊಂಡು ಬಂದನು. ಎದುರಾಳಿ ಲೊರಾಂ ಫಿನ್ಯೋನನ ಬಳಿ ಅದಿರಲಿಲ್ಲ. ಮೂರು ಸಾವಿರ ಕಿಲೋಮೀಟರಿಗೂ ದೊಡ್ಡ ಆ ಪಂದ್ಯವನ್ನು ಲೆಮಾಂಡನು ೮ ಸೆಕೆಂಡಿನಿಂದ ಗೆದ್ದನು. ಗೆಲುವಿಗೆ ಅವನ ಕಾಲೇ ಮೂಲವಾದರೂ, ಗಾಳಿಯ ಲೆಕ್ಕವನ್ನು ಆಮೇಲೆ ಯಾರೂ ಕಡೆಗಣಿಸಲಿಲ್ಲ. ಇಂದಿನ ಸೈಕಲ್ಲಿನ ಕೊಳವೆಗಳು ದುಂಡಗಿರದೆ ಚಪ್ಪಟೆಯಾಗಿರುವುದು, ತಂತಿಗಳೆಲ್ಲ ಒಳಗೆ ಅಡಗಿರುವುದು ಇದೇ ಕಾರಣಕ್ಕೆ. ನೋಡಲು ಚೆಂದ. ಆದರೆ ಅಡಗಿದ ತಂತಿಯನ್ನು ಬದಲಿಸಲು ಅರ್ಧ ದಿನ ಬೇಕು.

ಪೆಡಲೂ ಬದಲಾಯಿತು. ಮೊದಲು ತೊಗಲಿನ ಪಟ್ಟಿಯಿಂದ ಪಾದವನ್ನು ಪೆಡಲಿಗೆ ಬಿಗಿಯುತ್ತಿದ್ದರು. ೧೯೮೪ರಲ್ಲಿ ಫ್ರಾನ್ಸಿನ ಲುಕ್ ಕಂಪೆನಿ ಬೂಟಿನ ಅಡಿಯೇ ಪೆಡಲಿಗೆ ಕಚ್ಚಿಕೊಳ್ಳುವ ಏರ್ಪಾಡು ತಂದಿತು. ಹಿಮ್ಮಡಿಯನ್ನು ಹೊರಕ್ಕೆ ತಿರುವಿದರೆ ಬಿಡುತ್ತದೆ. ೧೯೮೫ರಲ್ಲಿ ಬರ್ನಾರ್ ಇನೋ ಇದನ್ನು ಬಳಸಿ ಫ್ರಾನ್ಸ್ ಪಂದ್ಯ ಗೆದ್ದನು. ಹೊಸಬರು ಇದನ್ನು ಮೊದಲು ಹುಲ್ಲುಬಯಲಿನಲ್ಲಿ ಕಲಿಯಬೇಕು, ರಸ್ತೆಯ ಮೇಲಲ್ಲ.

ಬದಲಾಗದೆ ಉಳಿದದ್ದು

ಇಷ್ಟೆಲ್ಲ ಬದಲಾದರೂ ದೂರದಿಂದ ನೋಡಿದರೆ ರೇಸಿನ ಸೈಕಲ್ಲು ಸೈಕಲ್ಲಿನಂತೆಯೇ ಕಾಣುತ್ತದೆ. ಏಕೆ? ೧೯೩೩ರಲ್ಲಿ ಫ್ರಾನ್ಸಿಸ್ ಫೋರ್ ಎಂಬಾತ ಒರಗಿ ಕುಳಿತು ತುಳಿಯುವ ಸೈಕಲ್ಲಿನಲ್ಲಿ ಒಂದು ಗಂಟೆಗೆ ೪೫ ಕಿಲೋಮೀಟರು ಓಡಿ ದಾಖಲೆ ಮುರಿದನು. ಮರುವರ್ಷವೇ ಅಂತಾರಾಷ್ಟ್ರೀಯ ಸಂಘ ಅಂಥ ಸೈಕಲ್ಲನ್ನು ಪಂದ್ಯದಿಂದ ಹೊರಗಿಟ್ಟಿತು. ಪಂದ್ಯ ಮನುಷ್ಯರ ನಡುವೆ ಇರಲಿ, ಯಂತ್ರಗಳ ನಡುವೆ ಬೇಡ ಎಂಬುದು ಅವರ ವಾದ. ಸರಿಯೋ ತಪ್ಪೋ, ರೂಪ ಉಳಿದುಕೊಂಡಿತು.

ಇನ್ನು ಮನುಷ್ಯನ ಮೈ. ನೂರು ವರ್ಷದಲ್ಲಿ ಅದರ ಕಾಲು, ತೋಳು, ಬೆನ್ನು ಬದಲಾಗಲಿಲ್ಲ. ಆದ್ದರಿಂದ ಸೈಕಲ್ಲು ಎಂಥದೇ ಆಗಲಿ, ಮೈಗೆ ಹೊಂದಬೇಕು. ನಾನು ತಪ್ಪಿದ್ದು ಇಲ್ಲೇ.

ಅಳತೆ: ನಾನು ಮಾಡಿದ ತಪ್ಪು

ಹಳೆಯ ಸೈಕಲ್ಲಿನ ಮೇಲಿನ ಕೊಳವೆ ನೆಲಕ್ಕೆ ಸಮಾನವಾಗಿತ್ತು. ಅದರ ಮೇಲೆ ಕಾಲು ಹಾಕಿ ನಿಂತು ಎರಡು ಬೆರಳು ಎಡೆಯಿದ್ದರೆ ಅಳತೆ ಸರಿ ಎಂದು ಹಿರಿಯರು ಹೇಳುತ್ತಿದ್ದರು. ಅಂದಿಗೆ ಆ ಮಾತು ನಿಜ. ೧೯೯೦ರ ದಶಕದ ಕೊನೆಯಿಂದ ಮೇಲಿನ ಕೊಳವೆಯನ್ನು ಸೀಟಿನ ಕಡೆಗೆ ಇಳಿಜಾರಾಗಿ ಮಾಡುವ ರೂಢಿ ಬಂತು. ಅಂಥ ಸೈಕಲ್ಲಿನಲ್ಲಿ ಫ್ರೇಮು ಉದ್ದವಾಗಿದ್ದರೂ ಕಾಲು ನೆಲಕ್ಕೆ ಮುಟ್ಟುತ್ತದೆ. ಹುಡುಗಿಯ ಕಾಲು ಮುಟ್ಟಿದ್ದು ಹೀಗೆ. ಆದರೆ ಹ್ಯಾಂಡಲು ಅವಳಿಗೆ ಬಹಳ ದೂರವಾಗಿತ್ತು. ಹೆಗಲು ನೋವು ಅದರಿಂದ. ಸಾಲದ್ದಕ್ಕೆ, ಕುಳಿತಾಗಲೂ ನೆಲ ಮುಟ್ಟಲಿ ಎಂದು ಸೀಟನ್ನು ಕೆಳಗಿಳಿಸಿದ್ದೆವು. ಹಿಂದಿನ ದೊಡ್ಡ ಹಲ್ಲುಗಾಲಿ ೨೫ರದು, ಮುಂದಿನ ಸಣ್ಣದು ೩೯ರದು; ಗೇರೂ ಭಾರ. ಮೊಣಕಾಲು ನೋಯದೆ ಏನಾದೀತು?

ಸಂತೆಯ ಊರಿನಲ್ಲಿ ನಲವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುವ ಅಜ್ಜನೊಬ್ಬನ ಬಳಿಗೆ ಕೊನೆಗೆ ಹೋದೆವು. ಅಜ್ಜ ಹುಡುಗಿಯನ್ನು ಸೈಕಲ್ಲಿನ ಮೇಲೆ ಕೂಡಿಸಿ, ಸುತ್ತ ನೋಡಿ, "ಸರ, ನೆಲಕ್ಕ ಕಾಲು ಮುಟ್ತಾವೋ ಇಲ್ಲೋ ಅಂತ ನೋಡೀರಿ. ಪೆಡಲಿಗೆ ಹ್ಯಾಂಗ ಮುಟ್ತಾವ ಅಂತ ನೋಡಿಲ್ರಿ" ಎಂದನು. ನನ್ನ ಡಿಪ್ಲೊಮಾ ಅಲ್ಲಿ ತಲೆ ತಗ್ಗಿಸಿತು.

ಅಳೆಯುವ ರೀತಿ ಹೀಗಿದೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿರಿ. ಎರಡು ತೊಡೆಗಳ ನಡುವೆ ದಪ್ಪ ಪುಸ್ತಕವೊಂದನ್ನು ಗಟ್ಟಿಯಾಗಿ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಈ ಅಳತೆಯನ್ನು ೦.೮೮ರಿಂದ ಗುಣಿಸಿರಿ. ಬಂದದ್ದು ಪೆಡಲಿನ ತೋಳುಗಳು (ಕ್ರ್ಯಾಂಕು) ತಿರುಗುವ ಫ್ರೇಮಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ. ಕಾಲಿನ ಅಳತೆ ೭೫ ಸೆಂಟಿಮೀಟರು ಇದ್ದರೆ ಸೀಟಿನ ಎತ್ತರ ೬೬. ಇದು ಆರಂಭದ ಅಳತೆ. ಆಮೇಲೆ ಒಂದೆರಡು ಬೆರಳು ಹೆಚ್ಚುಕಡಮೆ ಮಾಡಿಕೊಳ್ಳಬಹುದು. ಲೆಕ್ಕ ಬೇಡವೆನ್ನುವವರು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ತುಳಿಯಿರಿ. ಕಾಲು ಆಗ ನೆಟ್ಟಗಾದರೆ ಎತ್ತರ ಹೆಚ್ಚುಕಡಮೆ ಸರಿ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರುವುದನ್ನು ಮಗುವಿಗೆ ಕಲಿಸಿರಿ.

ಅಜ್ಜ ಸೀಟನ್ನು ಏರಿಸಿದನು, ಹ್ಯಾಂಡಲು ಹಿಡಿಯುವ ಉದ್ದನೆಯ ಕತ್ತನ್ನು ತೆಗೆದು ಗಿಡ್ಡ ಕತ್ತು ಹಾಕಿದನು, ೨೫ರ ಬದಲು ೨೮ ಹಲ್ಲಿನವರೆಗೆ ಹೋಗುವ ಹಲ್ಲುಗಾಲಿಯ ಗುಚ್ಛ ಕೂಡಿಸಿದನು. ಸೈಕಲ್ಲಿನ ಬೆಲೆಯ ಮುಂದೆ ತಗಲಿದ ಖರ್ಚು ಅಲ್ಪ. ಒಂದು ತಿಂಗಳು ಹುಡುಗಿಗೆ ವಿಶ್ರಾಂತಿ ಕೊಟ್ಟರು. ನೋವು ಹೋಯಿತು.

ಕೊಳ್ಳುವ ಮುನ್ನ ಗಮನಿಸಿರಿ

೧. ಹೊರೆ ಹೊರಲು, ಹೊಲಕ್ಕೆ ಹೋಗಲು ಕರಿಯ ಸೈಕಲ್ಲೇ ಮೇಲು. ರೇಸಿನದಕ್ಕೆ ಕ್ಯಾರಿಯರು ಕಟ್ಟಿ ಚೀಲ ಹೇರಬೇಡಿರಿ. ಹಳೆಯದನ್ನು ಮಾರಿ ಹೊಸದು ತರುವ ವಿಚಾರ ಬೇಡ.

೨. ಮಗುವನ್ನು ಅಂಗಡಿಗೆ ಕರೆದೊಯ್ಯಿರಿ. ಕುಳಿತು, ಹ್ಯಾಂಡಲು ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ತೋಳು ಸೆಟೆದರೆ ಸೈಕಲ್ಲು ದೊಡ್ಡದು. "ಬೆಳೆಯುವ ಮಗು, ದೊಡ್ಡದೇ ಇರಲಿ" ಎಂಬ ಮಾತು ಅಂಗಿಗೆ ಸರಿ, ಸೈಕಲ್ಲಿಗೆ ಅಲ್ಲ.

೩. ಹಣ ಕಡಮೆಯಿದ್ದರೆ ಮೊದಲು ಬ್ರೇಕು, ಟಯರು, ಹಗುರ ಗೇರು ನೋಡಿರಿ. ತೂಕ, ಬ್ಯಾಟರಿ ಗೇರು, ಬಣ್ಣ ಆಮೇಲೆ.

೪. ಬಳಸಿದ ಕಾರ್ಬನ್ ಸೈಕಲ್ಲಾದರೆ, ಮಡಕೆ ಕೊಳ್ಳುವಾಗ ತಟ್ಟಿ ನೋಡುವಂತೆ ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಬನ್ನಿರಿ. ಒಂದೆಡೆ ಸದ್ದು ಮಂಕಾದರೆ ಬಿಟ್ಟುಬಿಡಿರಿ. ಸದ್ದು ಸರಿಯಿದ್ದ ಮಾತ್ರಕ್ಕೆ ಪೂರಾ ನಂಬಬೇಡಿರಿ, ತಿಳಿದವರಿಗೆ ತೋರಿಸಿರಿ.

೫. ಚೈನು, ಬ್ರೇಕಿನ ರಬ್ಬರು, ಟ್ಯೂಬು ನಿಮ್ಮ ಹತ್ತಿರದ ಊರಿನಲ್ಲಿ ಸಿಗುತ್ತವೆಯೇ ಎಂದು ಕೊಳ್ಳುವ ಮೊದಲೇ ಕೇಳಿರಿ. ರಿಪೇರಿಯಾಗದ ಎತ್ತಿನ ಗಾಡಿಯೂ ಬೇಡ, ಸೈಕಲ್ಲೂ ಬೇಡ.

೬. ಮೊಣಕಾಲು ನೋವು ಬಂದರೆ "ಅಭ್ಯಾಸವಾದರೆ ಹೋಗುತ್ತದೆ" ಎನ್ನದೆ ನಿಲ್ಲಿಸಿರಿ. ಸೀಟಿನ ಎತ್ತರ, ಗೇರು ಎರಡನ್ನೂ ನೋಡಿರಿ. ನೋವು ನಿಲ್ಲದಿದ್ದರೆ ವೈದ್ಯರ ಬಳಿ ಹೋಗಿರಿ.

ಮೊನ್ನೆ ಬೆಳಗ್ಗೆ ಆರು ಗಂಟೆಗೆ ನಾನು ಬೆಳೆ ನೋಡಲು ಹೋಗುತ್ತಿದ್ದಾಗ ಆ ಹುಡುಗಿ ಎದುರಿಗೆ ಬಂದಳು. ಹಗುರ ಗೇರಿನಲ್ಲಿ ಏರು ಹತ್ತುತ್ತಿದ್ದಳು; ಇಳಿಯಲಿಲ್ಲ, ನೂಕಲಿಲ್ಲ. ಪದಕ ಬರುವುದೋ ಇಲ್ಲವೋ ಮುಂದಿನ ಮಾತು. ತಂದೆಯ ಕಡಲೆಯ ಹಣ ಗೋಡೆಗೆ ಒರಗಿ ಕೂಡಲಿಲ್ಲವೆಂಬುದೇ ನನಗೆ ಸಮಾಧಾನ. ನಿಮ್ಮ ಹಳ್ಳಿಗೆ ನಾನು ಬಂದಾಗ ಸೈಕಲ್ಲನ್ನೂ ಮಗುವನ್ನೂ ಕರೆತನ್ನಿರಿ. ಅಳತೆಯ ಪಟ್ಟಿ ಈಗ ಬೀಜದ ಚೀಲದೊಡನೆ ನನ್ನ ಹತ್ತಿರ ಯಾವಾಗಲೂ ಇರುತ್ತದೆ.